ಬೆಂಕಿ ಬಿತ್ತೋ, ಹಚ್ಚಿದರೋ?

ನಮ್ಮ ನಾಡಿನ ಕೇರಿಗಳಲ್ಲಿ ಗುಡಿಸಲುಗಳಿಗೆ ಬೆಂಕಿ ಬೀಳುತ್ತದೆ. ಯಾರೂ ಹಚ್ಚುವುದಿಲ್ಲ. ನಮ್ಮವರ ಮೇಲೆ ಹಲ್ಲೆ ಆಗುತ್ತದೆ. ಯಾರೂ ಹೊಡೆಯುವುದಿಲ್ಲ. ಊರ ಬಾವಿಯಲ್ಲಿ ನಮ್ಮ ಹೆಂಗಸರಿಗೆ ನೀರು ಸಿಗುವುದಿಲ್ಲ. ಕೊಡದವರು ಎಂಬ ಜನ ಭೂಮಿಯ ಮೇಲೆ ಇಲ್ಲ. ದೇವಸ್ಥಾನದಲ್ಲಿ ಪ್ರವೇಶ ನಿರಾಕರಣೆಯಾಗುತ್ತದೆ, ಕೇರಿಗೆ ಬಹಿಷ್ಕಾರ ಬೀಳುತ್ತದೆ, ಜಮೀನು ಕೈಬಿಟ್ಟು ಹೋಗುತ್ತದೆ. ಬೆಳಿಗ್ಗೆ ಟೀ ಅಂಗಡಿಯಲ್ಲಿ ಪೇಪರು ಬಿಚ್ಚಿ ನೋಡಿ. ಮಳೆ ಬಿದ್ದ ಹಾಗೆ, ಗ್ರಹಣ ಹಿಡಿದ ಹಾಗೆ, ಎಲ್ಲವೂ ತನ್ನಷ್ಟಕ್ಕೆ ತಾನೇ ಆಗಿರುತ್ತದೆ.

ಇದನ್ನು ವರದಿಗಾರರ ಸೋಮಾರಿತನ ಅಂತ ತಳ್ಳಿಹಾಕಬಹುದು. ನಾವು ಹಾಗೆ ತಿಳಿಯುವುದಿಲ್ಲ. ವಾಕ್ಯವೊಂದರಲ್ಲಿ ಕರ್ತೃವನ್ನು ಇಡುವುದು, ಬಿಡುವುದು, ಬಚ್ಚಿಡುವುದು ಬರೀ ಶೈಲಿಯ ಮಾತಲ್ಲ, ನೀತಿಯ ಮಾತು. ಕಾಲೇಜಿನ ಕನ್ನಡ ತರಗತಿಗಳಲ್ಲಿ ಶೈಲಿ ಎಂದರೆ ಸೊಗಸು ಅಂತ ನಮಗೆ ಹೇಳಿಕೊಟ್ಟರು. ಮಾರ್ಗ, ರೀತಿ, ಗುಣ, ದೋಷ ಎಂದು ಪಟ್ಟಿ ಬರೆಸಿದರು. ಅಲಂಕಾರ ಶಾಸ್ತ್ರದ ದೋಷಗಳ ಪಟ್ಟಿಯಲ್ಲಿ 'ಗ್ರಾಮ್ಯ' ಎನ್ನುವುದೂ ಒಂದು. ನಮ್ಮವ್ವ ಆಡುವ ಮಾತೇ ದೋಷ ಎಂದಾಯಿತು. ಅದರ ಮೇಲೆ ನಮ್ಮ ಚಳವಳಿ ಸಾಕಷ್ಟು ಜಗಳ ಆಡಿದೆ. ಕೇರಿಯ ಪದ, ಕೇರಿಯ ಬೈಗುಳ, ಕೇರಿಯ ಹಾಡಿನ ಲಯ ಪುಸ್ತಕದೊಳಗೆ ಬಂದಿವೆ. ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಬರೆದ ದೇವನೂರ ಮಹಾದೇವರ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಕೊಟ್ಟರು. ಆದ್ದರಿಂದ ಪದಗಳ ವಿಚಾರ ಇಲ್ಲಿ ಬಿಡೋಣ. ವಾಕ್ಯದ ಕಟ್ಟಿನ ಬಗ್ಗೆ ಮಾತಾಡೋಣ. ಗುಡಿಸಲಿನ ತೊಲೆ ಕಂಬ ಎಲ್ಲಿವೆ ಅಂತ ನೋಡದೆ ಬರೀ ಸುಣ್ಣ ಬಳಿದರೆ ಆಗುವುದಿಲ್ಲವಲ್ಲ.

ಪ್ರೌಢಶಾಲೆಯಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಕಲಿಸುತ್ತಾರೆ. 'ಅವನು ಮರವನ್ನು ಕಡಿದನು' ಕರ್ತರಿ. 'ಅವನಿಂದ ಮರವು ಕಡಿಯಲ್ಪಟ್ಟಿತು' ಕರ್ಮಣಿ. ಎರಡು ಅಂಕದ ಪ್ರಶ್ನೆ. ಈ 'ಅಲ್ಪಟ್ಟಿತು' ಅನ್ನುವುದನ್ನು ನಮ್ಮ ಬೀದಿಗಳಲ್ಲಿ ಯಾರೂ ಆಡುವುದಿಲ್ಲ. 'ಮರ ಕಡಿಯಲ್ಪಟ್ಟಿತು ಕಣಕ್ಕ' ಅಂದರೆ ನಗುತ್ತಾರೆ. ಆದರೂ ಆ ಪುಸ್ತಕದ ವಾಕ್ಯದಲ್ಲಿ ಒಂದು ಪ್ರಾಮಾಣಿಕತೆ ಇದೆ. ಕಡಿದವನು ಮುಂಬಾಗಿಲಿನಿಂದ ಹೋದರೂ 'ಅವನಿಂದ' ಎಂದು ಹಿತ್ತಿಲಲ್ಲಿ ನಿಂತಿರುತ್ತಾನೆ. ಕಚೇರಿಯ ಕನ್ನಡ, ಪತ್ರಿಕೆಯ ಕನ್ನಡ ಇವೆಯಲ್ಲ, ಅವು ಹಿತ್ತಿಲಲ್ಲೂ ಅವನನ್ನು ನಿಲ್ಲಿಸಲಿಲ್ಲ. 'ಮರ ಕಡಿಯಲಾಯಿತು', 'ಕ್ರಮ ಕೈಗೊಳ್ಳಲಾಗುವುದು', 'ಪರಿಶೀಲಿಸಲಾಗುತ್ತಿದೆ'. ಈ 'ಲಾಗು' ಎನ್ನುವ ಬಾಲದಲ್ಲಿ ಮನುಷ್ಯರಿಗೆ ಜಾಗವೇ ಇಲ್ಲ. ವಿದ್ಯಾರ್ಥಿವೇತನಕ್ಕಾಗಿ ನಾವು ಒಂದು ಕಚೇರಿಗೆ ಎಂಟು ತಿಂಗಳು ಅಲೆದಿದ್ದೇವೆ. ಹಣ ಬಿಡುಗಡೆಯಾಗಿಲ್ಲ, ಫೈಲು ಬಂದಿಲ್ಲ, ಫೈಲು ಮೇಲೆ ಹೋಗಿದೆ, ಫೈಲು ಅಲ್ಲೇ ಕೂತಿದೆ. ಆ ಕಚೇರಿಯಲ್ಲಿ ಫೈಲಿಗೆ ಕಾಲಿತ್ತು, ಕೂರಲು ಕುಂಡಿಯಿತ್ತು. ಅಲ್ಲಿದ್ದ ಹದಿನಾರು ಜನಕ್ಕೆ ಮಾತ್ರ ಕೈ ಇರಲಿಲ್ಲ.

ಇನ್ನು ಆಡುಮಾತಿನ ದಾರಿಯೇ ಬೇರೆ. ಕನ್ನಡಕ್ಕೆ 'ಮಾಡು' ಇದೆ, 'ಆಗು' ಇದೆ. ಜಗಳ ಮಾಡಿದರು, ಜಗಳ ಆಯಿತು. ಕೊಲೆ ಮಾಡಿದರು, ಕೊಲೆ ಆಯಿತು. ಒಂದು ಧಾತು ಬದಲಾದರೆ ಸಾಕು, ಮಾಡಿದವನು ಮಾಯ. ಇನ್ನೊಂದು ಇದೆ, 'ಬೀಳು'. ಏಟು ಬಿತ್ತು, ಬೆಂಕಿ ಬಿತ್ತು, ದಂಡ ಬಿತ್ತು. ಮೇಲಿನಿಂದ ಬೀಳುವುದು, ಅಂದರೆ ಎಸೆದವರು ಮುಗಿಲಲ್ಲಿದ್ದಾರೆ. ಇದಕ್ಕಿಂತ ಚೋದ್ಯ 'ತಿನ್ನು'. ಏಟು ತಿಂದ, ಒದೆ ತಿಂದ, ಬೈಗುಳ ತಿಂದ. ಹೊಡೆದವನು ವಾಕ್ಯದಿಂದ ಹೊರಕ್ಕೆ ನಡೆದ. ಹೊಡೆಸಿಕೊಂಡವನೇ ಕರ್ತೃವಾದ, ಅದೂ ಊಟ ಮಾಡಿದ ಹಾಗೆ. ಹೊಟ್ಟೆಗಿಲ್ಲದ ಜನಕ್ಕೆ ಕನ್ನಡ ಭಾಷೆ ಧಾರಾಳವಾಗಿ ಬಡಿಸಿದ ಊಟ ಇದೊಂದೇ ಅಂತ ತಮಾಷೆ ಮಾಡಬಹುದು. ತಮಾಷೆಯ ಮಾತೇನೂ ಅಲ್ಲ.

'ಕೊಳ್ಳು' ಎಂಬ ಸಹಾಯಕ ಕ್ರಿಯಾಪದದ ಕೆಲಸವನ್ನೂ ನೋಡಬೇಕು. ತನಗಾಗಿ ತಾನು ಮಾಡಿದ್ದು ಎಂಬ ಅರ್ಥ ಅದು ಕೊಡುತ್ತದೆ. ಬಟ್ಟೆ ಒಗೆದುಕೊಂಡ, ಅಡುಗೆ ಮಾಡಿಕೊಂಡ. ಜೀತದ ಬಗ್ಗೆ ಬರೆಯುವಾಗ ನಮ್ಮ ವಿದ್ಯಾವಂತರು ಬರೆಯುವ ವಾಕ್ಯ ಹೀಗಿರುತ್ತದೆ: ಸಾಲ ಮಾಡಿಕೊಂಡು ಜೀತಕ್ಕೆ ಸೇರಿಕೊಂಡ. ಎರಡೆರಡು 'ಕೊಂಡ'. ಎಲ್ಲ ಅವನಿಗಾಗಿ ಅವನೇ ಮಾಡಿಕೊಂಡದ್ದು. ಅದೇ ಸಂಗತಿಯನ್ನು 'ಸಾಲ ಕೊಟ್ಟು ಜೀತಕ್ಕೆ ಇಟ್ಟುಕೊಂಡರು' ಎಂದು ಬರೆದು ನೋಡಿ. 'ಕೊಂಡ' ಇಲ್ಲೂ ಇದೆ, ಆದರೆ ಲಾಭ ಯಾರ ಪಾಲಿಗೆ ಹೋಯಿತು ಅಂತ ಈಗ ನೇರವಾಗಿ ಹೇಳುತ್ತಿದೆ. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯಿದೆ ಬಂತು. ಆ ಕಾಯಿದೆಯ ಪ್ರಕಾರ ಜೀತಕ್ಕೆ ಇಟ್ಟುಕೊಳ್ಳುವುದು ಅಪರಾಧ. ನಮ್ಮ ವಾಕ್ಯಗಳಲ್ಲಿ ಮಾತ್ರ ಸೇರಿಕೊಂಡವನೇ ಅಪರಾಧಿಯ ಜಾಗದಲ್ಲಿ ಇನ್ನೂ ನಿಂತಿದ್ದಾನೆ.

ಮ್ಯಾನ್‌ಹೋಲಿನ ಸಾವುಗಳನ್ನು ತೆಗೆದುಕೊಳ್ಳಿ. 'ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕರು ಉಸಿರುಗಟ್ಟಿ ಸಾವು' ಎಂಬ ತಲೆಬರಹ ಎಷ್ಟು ಸಲ ಓದಿದ್ದೇವೆ. 'ಇಳಿದ'. ಈಜಲು ಇಳಿದ ಹಾಗೆ. ಕನ್ನಡದಲ್ಲಿ 'ಇಸು' ಎಂಬ ಸಣ್ಣ ಪ್ರತ್ಯಯ ಇದೆ. ಇಳಿ, ಇಳಿಸು. 'ಇಳಿಸಿದ' ಎಂದು ಒಂದು ಅಕ್ಷರ ಸೇರಿಸಿದರೆ ಗುತ್ತಿಗೆದಾರ ವಾಕ್ಯದೊಳಕ್ಕೆ ಬರುತ್ತಾನೆ, ಅವನ ಹಿಂದೆ ನಗರಸಭೆ ಬರುತ್ತದೆ, ಅದರ ಹಿಂದೆ ಸರ್ಕಾರ ಬರುತ್ತದೆ. ಮನುಷ್ಯರ ಕೈಯಲ್ಲಿ ಮಲ ತೆಗೆಸುವುದರ ವಿರುದ್ಧ 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೊಂದು ಕಾಯಿದೆ ಆಗಿವೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಈ ಕಾನೂನೆಲ್ಲ ನಿಂತಿರುವುದು ಆ 'ಇಸು' ಮೇಲೆ. ಇಳಿದವನ ಮೇಲೆ ಕೇಸಿಲ್ಲ, ಇಳಿಸಿದವನ ಮೇಲೆ ಕೇಸು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆ 'ಸುರಿದುಕೊಂಡರು' ಎಂಬ ಕ್ರಿಯಾಪದ ಅವರೇ ಆರಿಸಿಕೊಂಡದ್ದು. ತಲೆಮಾರುಗಳಿಂದ ಹೊರಿಸಿದವರ ಹೆಸರು ಯಾವ ವಾಕ್ಯದಲ್ಲೂ ಬರಲಿಲ್ಲವಾದ್ದರಿಂದ ತಾವೇ ಕರ್ತೃಗಳಾಗಿ ನಿಂತು ನಾಡಿಗೆ ಮುಖ ತೋರಿಸಿದರು.

ಈಗ ಕಂಬಾಲಪಲ್ಲಿಗೆ ಬರೋಣ. ಅಂದಿನ ಕೋಲಾರ ಜಿಲ್ಲೆ, ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಹಳ್ಳಿ ಅದು. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿಗೆ ಕಾನೂನಿನ ವ್ಯಾಕರಣದ ಪ್ರಕಾರ ಏಳು ಕರ್ಮಪದಗಳಿವೆ, ಒಂದು ಕ್ರಿಯಾಪದವಿದೆ, ಕರ್ತೃ ಶೂನ್ಯ.

ಹಾಗಾದರೆ ನಾವು ಹೇಗೆ ಬರೆಯಬೇಕು? ಬಿಡುಗಡೆಯಾದವರ ಹೆಸರು ಹಿಡಿದು 'ಇವರೇ ಸುಟ್ಟರು' ಎಂದು ಬರೆಯುವ ಹಕ್ಕು ನಮಗಿಲ್ಲ. ತಪ್ಪು ಕರ್ತೃವನ್ನು ಹಾಕುವುದೂ ಅನ್ಯಾಯವೇ. ಪೊಲೀಸ್ ಠಾಣೆಗಳಲ್ಲಿ ನಮ್ಮ ಹುಡುಗರಿಗೆ ಆಗಾಗ ಮಾಡುವುದು ಅದನ್ನೇ. ಹಾಗೆಂದು 'ಏಳು ಮಂದಿ ಸುಟ್ಟುಹೋದರು' ಎನ್ನಲೇ? ಇಲ್ಲೇ ಕನ್ನಡ ನಮ್ಮ ಕೈ ಹಿಡಿಯುತ್ತದೆ. 'ಸುಟ್ಟುಹೋದರು', 'ಸುಟ್ಟರು'. ಎರಡರ ಕೊನೆಯಲ್ಲೂ ಅದೇ 'ಅರು' ಇದೆ. ಮೊದಲನೆಯದರಲ್ಲಿ ಆ 'ಅರು' ಸತ್ತವರು. ಎರಡನೆಯದರಲ್ಲಿ ಸಾಯಿಸಿದವರು. ನಡುವೆ ಇರುವುದು ಒಂದು 'ಹೋಗು'. ಇಂಗ್ಲಿಷಿನಂಥ ಭಾಷೆಗಳಲ್ಲಿ ಕರ್ತೃಪದ ಬರೆಯದೆ ಇಂಥ ವಾಕ್ಯ ನಿಲ್ಲುವುದಿಲ್ಲ. ಕನ್ನಡದ ಕ್ರಿಯಾಪದ ಮಾತ್ರ ಕರ್ತೃವಿನ ನೆರಳನ್ನು ತನ್ನ ಬಾಲದಲ್ಲೇ ಹೊತ್ತಿರುತ್ತದೆ. 'ಏಳು ಮಂದಿಯನ್ನು ಸುಟ್ಟರು' ಎಂದರೆ ಹೆಸರು ಗೊತ್ತಿಲ್ಲದಿದ್ದರೂ ಮನುಷ್ಯರು ಮಾಡಿದ್ದು, ಒಬ್ಬರಿಗಿಂತ ಹೆಚ್ಚು ಮಂದಿ ಮಾಡಿದ್ದು ಎಂದು ಆ ಒಂದು ಪದವೇ ಸಾರುತ್ತದೆ. ಸುಳ್ಳು ಹೇಳದೆ, ಯಾರ ಮೇಲೂ ಗೂಬೆ ಕೂರಿಸದೆ, ಸತ್ಯದ ಜಾಗವನ್ನು ಖಾಲಿ ಇಟ್ಟು ಕಾಯಬಹುದು. ಹೆಸರು ಇಲ್ಲದಿರುವುದು ಬೇರೆ, ಹೆಸರಿನ ಜಾಗವನ್ನೇ ಅಳಿಸಿಬಿಡುವುದು ಬೇರೆ.

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮೇಲೆ ದಾಳಿ ಮಾಡಿ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಕ್ಷೌರದ ಅಂಗಡಿ, ಹೋಟೆಲುಗಳಿಗೆ ದಲಿತರನ್ನು ಸೇರಿಸದೆ ಇದ್ದದ್ದು ಅದರ ಹಿಂದಿನ ಜಗಳ. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ, ಮೂವರಿಗೆ ಐದು ವರ್ಷದ ಶಿಕ್ಷೆ ಕೊಟ್ಟಿತು. ಆಮೇಲೆ ಪ್ರಕರಣ ಹೈಕೋರ್ಟಿಗೆ ಹೋಯಿತು. ಅಲ್ಲಿ ಏನೇ ಆಗಲಿ, 'ಹಚ್ಚಿದರು' ಎಂಬ ಕ್ರಿಯಾಪದದ ಎದುರು ಒಂದು ನ್ಯಾಯಾಲಯ 101 ಹೆಸರು ಬರೆಯಲು ಹತ್ತು ವರ್ಷ ಹಿಡಿಯಿತು. ಅಷ್ಟೂ ವರ್ಷ ಆ ಜಾಗವನ್ನು ತುಂಬಿಹೋಗದಂತೆ ಕಾದವರು ಸಾಕ್ಷಿ ಹೇಳಿದ ಜನ.

ಸಾಕ್ಷಿಗಳ ಮಾತು ಬಂತಲ್ಲ, ಇಲ್ಲಿ ಒಂದು ತೊಡಕಿದೆ. ಕರ್ತೃವನ್ನು ಬಿಟ್ಟು ಮಾತಾಡುವವರು ಪಟ್ಟಭದ್ರರು ಮಾತ್ರವಲ್ಲ. ನಮ್ಮ ಕೇರಿಯವರೂ ಹಾಗೇ ಮಾತಾಡುತ್ತಾರೆ. ತಲೆಗೆ ಬಟ್ಟೆ ಸುತ್ತಿಕೊಂಡು ಬಂದವನನ್ನು ಏನಾಯ್ತೋ ಎಂದು ಕೇಳಿದರೆ 'ಏನೋ ಆಯ್ತು ಬುಡಣ್ಣ, ಬಿದ್ಬುಟ್ಟೆ' ಎನ್ನುತ್ತಾನೆ. ನಾಳೆ ಬೆಳಗಾದರೆ ಅದೇ ಹೊಲಕ್ಕೆ ಕೂಲಿಗೆ ಹೋಗಬೇಕು, ಅದೇ ಅಂಗಡಿಯಲ್ಲಿ ಉಪ್ಪು ತರಬೇಕು. ಅವನ 'ಆಯ್ತು' ಒಂದು ಕಂಬಳಿ, ಮಳೆಯಲ್ಲಿ ತಲೆಯ ಮೇಲೆ ಎಳೆದುಕೊಳ್ಳುವುದು. ಪತ್ರಿಕೆಯ 'ಹಲ್ಲೆಯಾಯಿತು' ಕಂಬಳಿ ಅಲ್ಲ, ಹೊಡೆದವನಿಗೆ ಹೊದಿಸಿದ ಶಾಲು. ಎರಡೂ ವಾಕ್ಯಗಳ ವ್ಯಾಕರಣ ಒಂದೇ. ಆಡುವ ಬಾಯಿ ಬೇರೆ, ಆಡಿದರೆ ಬೀಳುವ ಬೆಲೆ ಬೇರೆ. ಆದ್ದರಿಂದ ಶೈಲಿಯ ಗುಣದೋಷವನ್ನು ವಾಕ್ಯದೊಳಗೆ ಮಾತ್ರ ಹುಡುಕುವ ಪಂಡಿತರ ಮಾತನ್ನು ನಾವು ಒಪ್ಪುವುದಿಲ್ಲ. ಒಂದು ವಾಕ್ಯ ಹೇಡಿತನವೋ ಬದುಕುವ ಉಪಾಯವೋ ಎನ್ನುವುದು ಆ ವಾಕ್ಯವನ್ನು ಬೇರೆ ಥರ ಆಡುವ ಸ್ವಾತಂತ್ರ್ಯ ಆಡಿದವನಿಗೆ ಇತ್ತೋ ಇಲ್ಲವೋ ಎಂಬುದರಿಂದ ತೀರ್ಮಾನ ಆಗಬೇಕು. ಸಂಪಾದಕನಿಗೆ ಇತ್ತು. ಕೂಲಿಯವನಿಗೆ ಇರಲಿಲ್ಲ. ಕಂಬಾಲಪಲ್ಲಿಯ ಸಾಕ್ಷಿಗಳನ್ನು ಬೈಯುವ ಗೆಳೆಯರು ಇದನ್ನು ಯೋಚಿಸಬೇಕು. ಹಿಂದೆ ಸರಿದ ಸಾಕ್ಷಿಗಿಂತ ಅವನ ಬೆನ್ನ ಹಿಂದೆ ನಿಲ್ಲದೆ ಹೋದವರ ಸಂಖ್ಯೆ ದೊಡ್ಡದು.

ಆದರೂ ಒಂದು ಮಾತು ಹೇಳಲೇಬೇಕು. ಕೇರಿಯೊಳಗೇ ಹೊಡೆತ ತಿನ್ನುವವರಿದ್ದಾರೆ. ಗಂಡ ಕುಡಿದು ಬಂದು ಹೆಂಡತಿಯನ್ನು ಬಡಿದರೆ ಬೆಳಿಗ್ಗೆ ನಮ್ಮವರು ಆಡುವ ಮಾತು 'ರಾತ್ರಿ ಅವ್ರ ಮನೇಲಿ ಗಲಾಟೆ ಆಯ್ತಂತೆ'. ಇಲ್ಲಿ ಯಾವ ಗೌಡನ ಭಯವೂ ಇಲ್ಲ. ಇದು ಕಂಬಳಿ ಅಲ್ಲ, ಶಾಲು. ಇನ್ನು ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದಾಗ ಕನ್ನಡ ಆಡುವ ಮಾತುಗಳನ್ನು ಕೇಳಿದರೆ ಮೈ ಉರಿಯುತ್ತದೆ. ಅತ್ಯಾಚಾರಕ್ಕೆ ಒಳಗಾದಳು. ಮಾನಭಂಗವಾಯಿತು. ಶೀಲ ಕಳೆದುಕೊಂಡಳು. ಕಳೆದುಕೊಳ್ಳುವುದು ಎಂದರೆ ಏನು, ಸಂತೆಯಲ್ಲಿ ಚಿಲ್ಲರೆ ಬೀಳಿಸಿಕೊಂಡ ಹಾಗೆ? ಮಾಡಿದವನು ಮಾಡಿದ್ದಕ್ಕೆ ಮಾನ ಅವಳದು ಮುರಿಯಿತು ಅನ್ನುವ ಪದವನ್ನು ಕಟ್ಟಿದವರು ಯಾರೋ, ಅದನ್ನು ಹೊತ್ತು ತಿರುಗುವವರು ನಮ್ಮ ಸಂಘಟನೆಯ ಕರಪತ್ರಗಳೂ ಹೌದು. ದಲಿತ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ವಿರುದ್ಧ ಮೆರವಣಿಗೆ ಹೊರಟ ಬ್ಯಾನರಿನ ಮೇಲೆ ಆ ಪದ ಇನ್ನು ಬರೆಯಬಾರದು. ಊರಿನವರ 'ಆಗು'ವನ್ನು ಕಿತ್ತು ಹಾಕುವ ಕೈ ನಮ್ಮ ಮನೆಯ 'ಆಗು'ವನ್ನೂ ಕಿತ್ತು ಹಾಕಬೇಕು. ಇಲ್ಲದಿದ್ದರೆ ನಮ್ಮ ಬಂಡಾಯ ಗಂಡಸರ ಬಂಡಾಯ.

ಬಹುವಚನದ ಕತೆಯನ್ನೂ ಇಷ್ಟರಲ್ಲೇ ಹೇಳಿಬಿಡುತ್ತೇವೆ. 'ಗೌಡ್ರು ಬಂದ್ರು, ನಮ್ಮಪ್ಪ ನಿಂತಿದ್ದ. ಗೌಡ್ರು ಹೊಡೆದ್ರು, ನಮ್ಮಪ್ಪ ಅತ್ತ.' ಕೇರಿಯ ಮಗು ಸಹಜವಾಗಿ ಹೀಗೆ ಮಾತಾಡುತ್ತದೆ. ಬಡಿಯುವಾಗಲೂ ಗೌಡನ ಗೌರವ ಕೆಳಗೆ ಬೀಳುವುದಿಲ್ಲ. ಅಳುವಾಗಲೂ ಅಪ್ಪ ಏಕವಚನದಿಂದ ಮೇಲೆ ಏಳುವುದಿಲ್ಲ. ಮಗುವಿಗೆ ಅಪ್ಪನ ಮೇಲಿನ ಸಲುಗೆಯೂ ಅದರಲ್ಲಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಅಪ್ಪನನ್ನು ಗೌಡರ ಎಂಟು ವರ್ಷದ ಮೊಮ್ಮಗ 'ಬಾರ್ಲಾ' ಎನ್ನುವಾಗ ಸಲುಗೆ ಎಲ್ಲಿದೆ? ಕೆಂಪಯ್ಯ ಎಂಬ ಹೆಸರಿನಿಂದ 'ಅಯ್ಯ'ವನ್ನು ಕತ್ತರಿಸಿ ಕೆಂಪ ಮಾಡುವ ಕತ್ತರಿ ಎಲ್ಲ ಊರುಗಳಲ್ಲೂ ಇತ್ತು. ಹಳೇ ಮೈಸೂರು ಸೀಮೆಯಲ್ಲಿ ನಮ್ಮ ಹಿರಿಯರು ಭೂಮಾಲೀಕನನ್ನು 'ಬುದ್ಧಿ' ಎಂದು ಕರೆಯುತ್ತಿದ್ದರು. ಬುದ್ಧಿಯನ್ನೇ ಅವನ ಹೆಸರಿಗೆ ಬರೆದುಕೊಟ್ಟ ಮೇಲೆ ಜಮೀನಿನ ಪತ್ರ ಬರೆದುಕೊಡುವುದು ಎಷ್ಟು ಹೊತ್ತಿನ ಕೆಲಸ?

ಇದು ಕೋರ್ಟಿನಲ್ಲಿ ಹೇಗೆ ಕುತ್ತಿಗೆಗೆ ಬರಬಹುದು ನೋಡಿ. ಕನ್ನಡದಲ್ಲಿ ಗೌರವದ ಬಹುವಚನಕ್ಕೂ ಸಂಖ್ಯೆಯ ಬಹುವಚನಕ್ಕೂ ರೂಪ ಒಂದೇ. 'ಯಜಮಾನ್ರು ಹೊಡೆದ್ರು' ಅಂದರೆ ಒಬ್ಬರೋ ನಾಲ್ವರೋ? ಹೆದರಿಕೆಯಿಂದ ಬಂದ ಬಹುವಚನವನ್ನು ಎಣಿಕೆಯ ಬಹುವಚನ ಎಂದು ತಿಳಿದು, ಮುಂದೆ 'ಮೊದಲು ಹಲವರು ಎಂದೆ, ಈಗ ಒಬ್ಬ ಎನ್ನುತ್ತೀಯ' ಎಂದು ಪಾಟೀಸವಾಲು ಹಾಕಲು ವಕೀಲನಿಗೆ ಬೇಕಾದಷ್ಟು ಜಾಗವಿದೆ. ದೂರು ಬರೆದುಕೊಡುವ ನಮ್ಮ ಹುಡುಗರು ಇದನ್ನು ಗಮನಿಸಬೇಕು: ಹೆಸರು ಬರೆಯಿರಿ, ಎಷ್ಟು ಜನ ಎಂದು ಅಂಕಿಯಲ್ಲಿ ಬರೆಯಿರಿ. ಜಾತಿ ಹಿಡಿದು ಬೈದರೆ ಬೈದ ಪದವನ್ನು ಹಾಗೆ ಹಾಗೇ ಬರೆಯಿರಿ, ಎಲ್ಲಿ ಬೈದದ್ದು, ಯಾರು ಯಾರು ಕೇಳಿಸಿಕೊಂಡರು ಎಂದೂ ಬರೆಯಿರಿ. 1989ರ ದೌರ್ಜನ್ಯ ತಡೆ ಕಾಯಿದೆಯಡಿ ಜಾತಿನಿಂದನೆ ಅಪರಾಧವಾಗಬೇಕಾದರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ನಾಲ್ಕು ಗೋಡೆಯೊಳಗೆ, ಹೊರಗಿನ ಸಾಕ್ಷಿಗಳಿಲ್ಲದೆ ಆಡಿದ್ದಕ್ಕೆ ಅದು ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. 'ಅವಾಚ್ಯ ಶಬ್ದಗಳಿಂದ ನಿಂದಿಸಲಾಗಿದೆ' ಎಂಬ ಠಾಣೆಯ ಕನ್ನಡವನ್ನು ನಂಬಿ ಕೂತರೆ ಪದವೂ ಇಲ್ಲ, ಆಡಿದವನೂ ಇಲ್ಲ, ಜಾಗವೂ ಇಲ್ಲ.

ಪದಗಳ ವಿಚಾರ ಬಿಡೋಣ ಎಂದೆವು, ಆದರೆ ಒಂದು ಪದವನ್ನು ಮಾತ್ರ ಬಿಡಲಾಗದು. ಹೆಸರುಗಳಿಗೂ ಕರ್ತೃ ಉಂಟು. 'ಹರಿಜನ' ಎಂಬ ಪದವನ್ನು ಗಾಂಧಿ 1930ರ ದಶಕದಲ್ಲಿ ಬಳಕೆಗೆ ತಂದರು. 1933ರಲ್ಲಿ ಆ ಹೆಸರಿನ ಪತ್ರಿಕೆಯನ್ನೂ ಶುರುಮಾಡಿದರು. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಆ ಪದವನ್ನು ಮಸೂದೆಯೊಳಗೆ ಸೇರಿಸಲು ಹೊರಟಾಗ ಅಂಬೇಡ್ಕರ್ ಮತ್ತು ಅವರ ಪಕ್ಷದವರು ವಿರೋಧಿಸಿ ಸಭೆಯಿಂದ ಹೊರನಡೆದರು. 'ಹರಿಜನ'ದಲ್ಲಿ ಹರಿ ಇದ್ದಾನೆ, ಜನ ಇದ್ದಾರೆ. ಯಾರೂ ಯಾರಿಗೂ ಏನೂ ಮಾಡಿಲ್ಲ. 'ದಲಿತ' ಎಂಬುದು ಸಂಸ್ಕೃತದ 'ದಲ್' ಧಾತುವಿನಿಂದ ಬಂದ ಭೂತಕೃದಂತ: ಒಡೆಯಲ್ಪಟ್ಟವನು, ತುಳಿಯಲ್ಪಟ್ಟವನು. ಎಲ್ಲ ಕರ್ಮಣಿಯೂ ಬಚ್ಚಿಡುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಈ ಪದ ಕಿವಿಗೆ ಬಿದ್ದ ಕೂಡಲೇ 'ಒಡೆದವರು ಯಾರು?' ಎಂಬ ಪ್ರಶ್ನೆ ಏಳುತ್ತದೆ. ಏಳುವುದು ಕೆಲವರಿಗೆ ಇಷ್ಟವಿಲ್ಲ. 2018ರಲ್ಲಿ ಕೇಂದ್ರದ ವಾರ್ತಾ ಇಲಾಖೆ ಟೀವಿ ಚಾನೆಲುಗಳಿಗೆ 'ದಲಿತ' ಪದ ಬಿಟ್ಟು 'ಪರಿಶಿಷ್ಟ ಜಾತಿ' ಎಂದು ಬಳಸಿರಿ ಎಂದು ಸಲಹೆ ಕಳಿಸಿತು. ಪರಿಶಿಷ್ಟ ಎಂದರೆ ಪಟ್ಟಿಯಲ್ಲಿ ಸೇರಿಸಿದ್ದು. ಪಟ್ಟಿಗೆ ಸೇರಿಸಿದವರು ಸರ್ಕಾರದವರು. ಸೇರಿಸಬೇಕಾದ ಸ್ಥಿತಿಗೆ ತಂದವರು?

ಅಂಬೇಡ್ಕರ್ 1945ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿರುವುದೇನು' ಎಂದಾಗುತ್ತದೆ. ತಲೆಬರಹದಲ್ಲೇ ಕರ್ತೃ ಇದೆ, 'ಮಾಡು' ಇದೆ, ಯಾರಿಗೆ ಎಂಬುದೂ ಇದೆ. ವ್ಯಾಕರಣದ ಮೇಷ್ಟ್ರು ಹತ್ತಕ್ಕೆ ಹತ್ತು ಕೊಡಬೇಕು. ಆ ಪುಸ್ತಕದ ವಾದವನ್ನು ಒಪ್ಪದವರು ಇದ್ದಾರೆ. ಆದರೆ ವಾದಿಸಲು ಎದುರಿಗೊಂದು ವಾಕ್ಯ ಇಟ್ಟರಲ್ಲ, ಅದು ಮುಖ್ಯ. 'ಅಸ್ಪೃಶ್ಯರ ಸ್ಥಿತಿಗತಿಗಳು: ಒಂದು ಅವಲೋಕನ' ಎಂಬಂಥ ಹೆಸರಿಟ್ಟಿದ್ದರೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ನಮ್ಮ ವಿಶ್ವವಿದ್ಯಾನಿಲಯಗಳ ಪ್ರಬಂಧಗಳಿಗೆ ಯಾರಿಗೂ ಸಿಟ್ಟು ಬರುವುದಿಲ್ಲ.

1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ನಡೆದದ್ದು ಗೊತ್ತೇ ಇದೆ. ಆ ಪ್ರಕರಣದಲ್ಲಿ ಅವರ ಸಚಿವ ಸ್ಥಾನ 'ಹೋಯಿತು' ಎಂದು, ದಲಿತ ವಿದ್ಯಾರ್ಥಿಗಳ ಮೇಲೆ 'ಹಲ್ಲೆಗಳಾದವು' ಎಂದು ನಮ್ಮವರೇ ಇಂದಿಗೂ ಬರೆಯುತ್ತಾರೆ. ದನದ ಮೇವಿನ ಒಂದು ಪದಕ್ಕೆ ಕರ್ತೃವನ್ನು ಹಿಡಿದು ಬೀದಿಗೆ ಎಳೆದ ಜನ, ತಾವು ಎಸೆದ ಕಲ್ಲುಗಳಿಗೆ ಕರ್ತೃ ಇಲ್ಲದ ಹಾಗೆ ಇತಿಹಾಸ ಬರೆಸಿಕೊಂಡರು.

ಕವಿ ಗೆಳೆಯರಿಗೂ ಎರಡು ಮಾತು. ನಮ್ಮ ಪದ್ಯಗಳಲ್ಲಿ ಈಚೆಗೆ ಕತ್ತಲು ನಮ್ಮನ್ನು ನುಂಗುತ್ತದೆ, ಶತಮಾನಗಳು ತುಳಿಯುತ್ತವೆ, ಇತಿಹಾಸ ಬರೆ ಎಳೆಯುತ್ತದೆ. ಕತ್ತಲಿಗೆ ಬಾಯಿಲ್ಲ, ಶತಮಾನಕ್ಕೆ ಪಾದವಿಲ್ಲ. ಪತ್ರಿಕೆಯವರು 'ಆಗು' ಹಾಕಿ ಬಚ್ಚಿಟ್ಟದ್ದನ್ನು ನಾವು ರೂಪಕ ಹಾಕಿ ಬಚ್ಚಿಡುತ್ತಿದ್ದೇವೆಯೇ? ಎಲ್ಲರಿಗೂ ಸಲೀಸಾದ ಕರ್ತೃ ಒಬ್ಬನಿದ್ದಾನೆ, 'ವ್ಯವಸ್ಥೆ'. ವ್ಯವಸ್ಥೆ ಕೊಂದಿತು ಎಂದು ಬರೆದರೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಕೊಂದವನೂ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಬಹುದು. ಆದರೆ ಈ ಪದವನ್ನು ಪೂರ್ತಿ ಬಿಡುವುದಕ್ಕೂ ಆಗುವುದಿಲ್ಲ. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ತೀರಿಕೊಂಡಾಗ ಪತ್ರಿಕೆಗಳು 'ಆತ್ಮಹತ್ಯೆ' ಎಂದವು. ಆ ಪದದಲ್ಲಿ ಕೊಂದವನೂ ಸತ್ತವನೂ ಒಬ್ಬನೇ. ವಿದ್ಯಾರ್ಥಿಗಳು ಒಪ್ಪಲಿಲ್ಲ, 'ಸಾಂಸ್ಥಿಕ ಕೊಲೆ' ಎಂದರು. ಒಂದು ಕೈ ಮಾಡಿದ್ದಲ್ಲ, ಹಲವು ಸಹಿಗಳು, ಹಲವು ಮೌನಗಳು, ಒಂದು ಹಾಸ್ಟೆಲ್ ಬೀಗ, ನಿಂತುಹೋದ ಫೆಲೋಶಿಪ್ಪು ಸೇರಿ ಮಾಡಿದ್ದು ಎಂಬುದನ್ನು ಹೇಳಲು ಆ ಪದ ಬೇಕಾಯಿತು. ನಮಗೆ ತೋರುವುದು ಇಷ್ಟು: ಬಿಡಿಸಿ ಹೇಳುವುದಕ್ಕೆ ಶುರುಮಾಡಿದರೆ 'ವ್ಯವಸ್ಥೆ' ಒಳ್ಳೆಯ ಪದ, ಬಿಡಿಸುವ ಕೆಲಸ ತಪ್ಪಿಸಿಕೊಳ್ಳಲು ಬಳಸಿದರೆ ಅದೂ ಒಂದು 'ಲಾಗಿದೆ'.

'ನಾವು' ಎಂದು ಇಷ್ಟು ಹೊತ್ತು ಬರೆದೆವು. ಈ 'ನಾವು' ಯಾರು? ತುಳುವಿನಲ್ಲಿ ಕೇಳುವವನನ್ನು ಬಿಟ್ಟು ಹೇಳುವುದಕ್ಕೆ 'ಎಂಕುಲು', ಸೇರಿಸಿಕೊಂಡು ಹೇಳುವುದಕ್ಕೆ 'ನಮ'. ತೆಲುಗಿನಲ್ಲಿ 'ಮೇಮು', 'ಮನಮು'. ಗಡಿಸೀಮೆಯಲ್ಲಿ ಮನೆಯೊಳಗೆ ತೆಲುಗು ಆಡುವ ನಮ್ಮ ಜನ 'ಮೇಮು' ಯಾವಾಗ, 'ಮನಮು' ಯಾವಾಗ ಎಂದು ತಪ್ಪದೆ ಆಡುತ್ತಾರೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ 'ನಾವು'. ಜಾತ್ರೆಗೆ ಚಂದಾ ಎತ್ತುವಾಗ 'ನಾವೆಲ್ಲ ಒಂದೇ ಊರಿನವರು' ಎನ್ನುವ ನಾವು, ತೇರು ಎಳೆಯುವಾಗ 'ಇದು ನಮ್ಮ ದೇವರು' ಎಂದು ಹಗ್ಗ ಕಸಿದುಕೊಳ್ಳುವ ನಾವು. ಮೊದಲನೆಯದರಲ್ಲಿ ನಮ್ಮನ್ನು ಸೇರಿಸಿದ್ದಾರೆ, ಎರಡನೆಯದರಲ್ಲಿ ತೆಗೆದಿದ್ದಾರೆ. ಪದ ಮಾತ್ರ ಬದಲಾಗಿಲ್ಲ, ಯಾರೂ ಸುಳ್ಳು ಹೇಳಿದ ಹಾಗೂ ಇಲ್ಲ. ಈ ಬರಹದ 'ನಾವು' ಕೂಡ ಎಲ್ಲ ಕಡೆ ಒಂದೇ ಅಲ್ಲ. ಓದುವ ಗೆಳ��ಯರು ತಾವು ಎಲ್ಲಿ ಒಳಗಿದ್ದೇವೆ, ಎಲ್ಲಿ ಹೊರಗಿದ್ದೇವೆ ಎಂದು ನೋಡಿಕೊಳ್ಳಬೇಕು.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಕೋರಿಕೆ. ಕರ್ತರಿ ಕರ್ಮಣಿ ಪಾಠ ಮಾಡುವ ದಿನ ಅಂದಿನ ಪೇಪರಿನ ಒಂದು ಸುದ್ದಿಯನ್ನು ಬೋರ್ಡಿನ ಮೇಲೆ ಬರೆಯಿರಿ. ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿಸಿ, ಒಂದೊಂದಕ್ಕೂ 'ಯಾರು?' ಎಂದು ಮಕ್ಕಳಿಂದ ಕೇಳಿಸಿ. ಕೇರಿಯ ರಾತ್ರಿಶಾಲೆಯೊಂದರಲ್ಲಿ ನಾವು ಇದನ್ನು ಮಾಡಿಸುತ್ತಿದ್ದೇವೆ. ಅಲ್ಲಿಗೆ ಬರುವ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಹೋದ ತಿಂಗಳು ಪಂಚಾಯಿತಿಗೆ ಬರೆದ ಅರ್ಜಿಯನ್ನು ಹಿಡಿದು ಕೇಳಿದಳು: 'ಅಣ್ಣಾ, ನಮ್ ಬೀದಿ ನಲ್ಲೀಲಿ ನೀರು ಬರ್ತಿಲ್ಲ ಅಂತ ಬರ್ದವ್ರೆ. ಮೇಲ್ಗಡೆ ಬೀದಿಗೆ ದಿನಾ ಬತ್ತದಲ್ಲ. ಬರ್ತಿಲ್ಲ ಅನ್ಬೇಕಾ, ಬುಡ್ತಿಲ್ಲ ಅನ್ಬೇಕಾ?' 'ಬಿಡುತ್ತಿಲ್ಲ' ಎಂದು ತಿದ್ದಿದೆವು. ಮೂವತ್ತೊಂದು ಮನೆಯವರು ಸಹಿ, ಹೆಬ್ಬೆಟ್ಟು ಹಾಕಿದರು. ಪಂಚಾಯಿತಿ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡವರು ಆ ಪದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, 'ಬರುತ್ತಿಲ್ಲ ಅಂತ ಬರ್ಕೊಂಡು ಬನ್ನಿ, ಆಗ ಸ್ವೀಕೃತಿ ಕೊಡ್ತೀವಿ' ಎಂದರು. ನಾವು ಬರೆದುಕೊಟ್ಟಿಲ್ಲ. ನೀರನ್ನು ಇನ್ನೂ ಬಿಟ್ಟಿಲ್ಲ.